ದೂರದ ಮಾತು ಮತ್ತು ಹೆಡ್‌ಸೆಟ್ಟು

ಕರ್ನಾಟಕದ ಉತ್ತರದ ತುತ್ತತುದಿಯಲ್ಲಿರುವುದು ಬೀದರ ಜಿಲ್ಲೆ. ಆ ಜಿಲ್ಲೆಯಲ್ಲಿಯೂ ಔರಾದ ತಾಲ್ಲೂಕು ಎಲ್ಲಕ್ಕಿಂತ ಉತ್ತರಕ್ಕಿದೆ. ಅಲ್ಲಿಂದ ಬೆಂಗಳೂರಿಗೆ ಸುಮಾರು ೭೦೦ ಕಿಲೋಮೀಟರುಗಳ ದಾರಿ. ಔರಾದದ ಅಥವಾ ಭಾಲ್ಕಿಯ ವಿದ್ಯಾರ್ಥಿನಿಯೊಬ್ಬಳು ರಾಜಧಾನಿಯಲ್ಲಿ ಉದ್ಯೋಗದ ಸಂದರ್ಶನಕ್ಕೆ ಹಾಜರಾಗಬೇಕಾದರೆ ಹಿಂದೆ ಇಡೀ ರಾತ್ರಿ ಪ್ರಯಾಣ ಮಾಡಬೇಕಾಗಿತ್ತು. ಈಗ ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡುವುದು ಸಾಧ್ಯವಾಗಿದೆ. ಆದರೆ ದಾರಿಯ ಆಯಾಸ ತಪ್ಪಿದ ಮಾತ್ರಕ್ಕೆ ತೊಡಕುಗಳೆಲ್ಲವೂ ತಪ್ಪಿದವೆಂದು ತಿಳಿಯಲಾಗದು. ಇಲ್ಲಿ ಆಕೆಯ ಮಾತೇ ಆಕೆಯ ಪ್ರತಿನಿಧಿ. ಆ ಮಾತು ಮಸುಕಾಗಿ, ಗದ್ದಲದಲ್ಲಿ ಮುಳುಗಿ ತಲಪಿದರೆ, ಉತ್ತರವು ಸರಿಯಾಗಿದ್ದರೂ ಫಲವಿಲ್ಲ. ‘ಏನೆಂದಿರಿ?’ ಎಂದು ಎರಡು ಬಾರಿ ಕೇಳಿದವರು ಮೂರನೆಯ ಬಾರಿ ಕೇಳದೆ ಮುಂದಿನ ಪ್ರಶ್ನೆಗೆ ಹೋಗಿಬಿಡಬಹುದು.

ಆದಕಾರಣ ಮಾತನ್ನು ಹಿಡಿದು ಕಳುಹಿಸುವ ಹೆಡ್‌ಸೆಟ್ಟನ್ನು ಆರಿಸುವುದು ಸಣ್ಣ ಸಂಗತಿಯೇನೂ ಅಲ್ಲ. ಅಂಗಡಿಯವರು ಅದರ ಬಣ್ಣವನ್ನೂ ಸಂಗೀತದ ಅಬ್ಬರವನ್ನೂ ಹೊಗಳುತ್ತಾರೆ. ಮಾತಿಗೆ ಬೇಕಾದ ಗುಣಗಳೇ ಬೇರೆ. ಅವು ಯಾವುವೆಂಬುದನ್ನು ಅರಿಯಬೇಕಾದರೆ, ಮೊದಲು ಮಾತಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು.

ಮಾತಿನ ಕಂಪನಗಳು

ಶಬ್ದವೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ೨೦ರಿಂದ ೨೦,೦೦೦ದವರೆಗಿನ ಕಂಪನಗಳನ್ನು ಎಳೆಯರ ಕಿವಿ ಗ್ರಹಿಸಬಲ್ಲುದು. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ವ್ಯಂಜನಗಳ, ಅದರಲ್ಲಿಯೂ ಊಷ್ಮಾಕ್ಷರಗಳ, ಗುರುತು ಮೇಲಿನ ಕಂಪನಗಳಲ್ಲಿರುತ್ತದೆ. ‘ಸ’ಕಾರದ ಸೀಟಿಯಂತಹ ಧ್ವನಿಯ ಬಹುಪಾಲು ಸೆಕೆಂಡಿಗೆ ೪,೦೦೦ ಕಂಪನಗಳಿಗಿಂತ ಮೇಲಿದೆ.

ಹಳೆಯ ಟೆಲಿಫೋನು ೩೦೦ರಿಂದ ೩,೪೦೦ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ಆದುದರಿಂದ ಅದರಲ್ಲಿ ‘ಸಕಲ’ ಎಂದರೆ ‘ಶಕಲ’ ಎಂದು ಕೇಳಿಸುವ ಸಂಭವವಿತ್ತು. ಮೊದಲನೆಯದು ಎಲ್ಲವೂ, ಎರಡನೆಯದು ಬರಿಯ ಒಂದು ಚೂರು! ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಇವೆಲ್ಲವೂ ಬಳಕೆಯಲ್ಲಿರುವ ಬೀದರದಂತಹ ನಾಡಿನಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ಉರ್ದುವಿನಲ್ಲಿ ‘ಸಾತ್’ ಎಂದರೆ ೭, ‘ಸಾಠ್’ ಎಂದರೆ ೬೦. ಇವೆರಡರ ವ್ಯತ್ಯಾಸವು ಕೊನೆಯ ವ್ಯಂಜನದ ಒಂದು ಕ್ಷೀಣವಾದ ಸಿಡಿತದಲ್ಲಿ ಅಡಗಿದೆ. ವೈದ್ಯರೊಡನೆ ದೂರದಿಂದ ಮಾತನಾಡಿ ಔಷಧದ ಪ್ರಮಾಣವನ್ನು ಕೇಳಿ ಬರೆದುಕೊಳ್ಳುವವರಿಗೆ ಈ ಸಿಡಿತದ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಅಂತರ್ಜಾಲದ ಮಾತು ಈ ಎಲ್ಲೆಯನ್ನು ದಾಟಬಲ್ಲುದು. ಧ್ವನಿಯನ್ನು ಸೆಕೆಂಡಿಗೆ ೧೬,೦೦೦ ಸಲ ಅಳೆದು ಅಂಕೆಗಳಾಗಿ ಮಾರ್ಪಡಿಸಿದರೆ, ಸುಮಾರು ೭,೦೦೦ದವರೆಗಿನ ಕಂಪನಗಳು ಚೆನ್ನಾಗಿ ಉಳಿಯುತ್ತವೆ. ಈ ಬಗೆಯ ಮಾತಿಗೆ ‘ವೈಡ್‌ಬ್ಯಾಂಡ್’ ಎಂದು ಹೆಸರು. ಹೆಡ್‌ಸೆಟ್ಟಿನ ವಿವರಪತ್ರದಲ್ಲಿ ಮೈಕಿನ ಮಿತಿಯನ್ನು ನೋಡಬೇಕು. ಅದು ೩,೪೦೦ಕ್ಕೇ ನಿಂತರೆ ಹಳೆಯ ಟೆಲಿಫೋನಿಗಿಂತ ಮೇಲಲ್ಲ. ೭,೦೦೦ ಅಥವಾ ಅದಕ್ಕಿಂತ ಮೇಲೆ ಇದ್ದರೆ ಮಾತಿಗೆ ಸಾಕು.

ಬಾಯಿಗೂ ಮೈಕಿಗೂ ಇರುವ ಅಂತರ

ಲ್ಯಾಪ್‌ಟಾಪಿನಲ್ಲಿ ಮೈಕೂ ಇದೆ, ಸ್ಪೀಕರೂ ಇದೆ. ಹೆಡ್‌ಸೆಟ್ಟು ಏಕೆ ಬೇಕು? ಎಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ದೂರದ ನಿಯಮ. ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಲ್ಯಾಪ್‌ಟಾಪಿನ ಮೈಕು ಬಾಯಿಯಿಂದ ೬೦ ಸೆಂಟಿಮೀಟರು ದೂರದಲ್ಲಿದೆಯೆಂದೂ, ಹೆಡ್‌ಸೆಟ್ಟಿನ ಮೈಕು ೩ ಸೆಂಟಿಮೀಟರು ದೂರದಲ್ಲಿದೆಯೆಂದೂ ಭಾವಿಸೋಣ. ದೂರವು ೨೦ರಲ್ಲಿ ಒಂದು ಪಾಲಾಯಿತು. ಆದುದರಿಂದ ಮಾತಿನ ತೀವ್ರತೆಯು ಸುಮಾರು ೪೦೦ ಪಟ್ಟಾಯಿತು. ಡೆಸಿಬೆಲ್ ಲೆಕ್ಕದಲ್ಲಿ ಇದು ೨೬. ಕೋಣೆಯ ಗದ್ದಲವಾದರೋ ಎರಡು ಕಡೆಯೂ ಒಂದೇ ಸಮನಾಗಿರುತ್ತದೆ. ಹೀಗೆ, ಹೆಚ್ಚಿನ ಯಾವ ಯುಕ್ತಿಯೂ ಇಲ್ಲದೆ, ಬರಿಯ ಸಾಮೀಪ್ಯದಿಂದಲೇ ಮಾತು ಗದ್ದಲವನ್ನು ಗೆಲ್ಲುತ್ತದೆ.

ಕೋಣೆಯ ಮಾರ್ದನಿಗೂ ಇದೇ ಮದ್ದು. ಬೀದರದ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟದೊಳಗೆ ನಿಂತು ಮಾತನಾಡಿದರೆ, ಒಂದು ನುಡಿ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಪರದೆ, ಹಾಸಿಗೆಗಳಿಲ್ಲದ ಸಿಮೆಂಟಿನ ಕೋಣೆಯೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡುತ್ತದೆ. ಬಾಯಿಯ ಬಳಿಯಲ್ಲಿರುವ ಮೈಕಿಗೆ ನೇರವಾಗಿ ಬಂದ ಮಾತೇ ಪ್ರಬಲವಾಗಿ, ಗೋಡೆಯಿಂದ ಮರಳಿದ ಮಾತು ಕ್ಷೀಣವಾಗುತ್ತದೆ.

ಎರಡನೆಯ ಕಾರಣ ಪ್ರತಿಧ್ವನಿ. ಸ್ಪೀಕರಿನಿಂದ ಹೊರಟ ಎದುರಿನವರ ಮಾತು ನಮ್ಮ ಮೈಕನ್ನು ಹೊಕ್ಕು ಅವರಿಗೇ ತಡವಾಗಿ ಕೇಳಿಸುತ್ತದೆ. ತನ್ನ ಮಾತು ತನಗೇ ಮರಳಿ ಕೇಳಿಸತೊಡಗಿದರೆ ಎಂತಹ ವಾಗ್ಮಿಯೂ ತಡವರಿಸುವನು. ಕಂಪ್ಯೂಟರು ಲೆಕ್ಕ ಹಾಕಿ ಇದನ್ನು ಕಳೆಯಲು ಯತ್ನಿಸುತ್ತದೆಯಾದರೂ, ಕಿವಿಯ ಬಳಿಯಲ್ಲಿಯೇ ಶಬ್ದವನ್ನು ಮುಗಿಸುವ ಹೆಡ್‌ಸೆಟ್ಟು ಈ ದಾರಿಯನ್ನು ಬುಡದಲ್ಲಿಯೇ ಕಡಿದುಬಿಡುತ್ತದೆ.

ಒಳಗಿನ ರಚನೆ

ಅಮೆರಿಕದ ಯೂಟಾ ಸಂಸ್ಥಾನದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ೧೯೧೦ರ ಸುಮಾರಿನಲ್ಲಿ ತನ್ನ ಮನೆಯ ಅಡುಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಆ ದೇಶದ ನೌಕಾಪಡೆಯು ಕೊಂಡಿತು. ಇಂದಿನ ಸಾಧನದಲ್ಲಿ ಕಿವಿಯ ಕಡೆ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿದ ತೆಳುವಾದ ಪೊರೆ ಇವಿಷ್ಟಿವೆ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಪೊರೆಯು ಕಂಪಿಸಿ ಗಾಳಿಯನ್ನು ಅಲುಗಿಸುತ್ತದೆ.

ಬಾಯಿಯ ಕಡೆಯ ಮೈಕು ಸಾಮಾನ್ಯವಾಗಿ ‘ಎಲೆಕ್ಟ್ರೆಟ್’ ಜಾತಿಯದು. ಬೆಲ್ ಪ್ರಯೋಗಶಾಲೆಯ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬ ವಿಜ್ಞಾನಿಗಳು ೧೯೬೨ರಲ್ಲಿ ಇದನ್ನು ರೂಪಿಸಿದರು. ವಿದ್ಯುದಾವೇಶವನ್ನು ವರ್ಷಗಟ್ಟಲೆ ಹಿಡಿದಿಡಬಲ್ಲ ಪ್ಲಾಸ್ಟಿಕ್ ಹಾಳೆಯು ಇದರ ಜೀವಾಳ. ಕಡಲೆಕಾಳಿನಷ್ಟು ಚಿಕ್ಕದಾಗಿ, ಅಗ್ಗವಾಗಿ ಮೈಕು ದೊರೆಯುವಂತಾದುದು ಈ ಶೋಧದಿಂದಲೇ.

ಯಾವುದನ್ನು ಆರಿಸಬೇಕು?

ಸಂಪರ್ಕದ ದೃಷ್ಟಿಯಿಂದ ಹೆಡ್‌ಸೆಟ್ಟುಗಳು ಮೂರು ಬಗೆ. ಮೊದಲನೆಯದು ೩.೫ ಮಿಲಿಮೀಟರಿನ ದುಂಡು ಪಿನ್ನಿನದು. ಇದು ಅಗ್ಗ. ಆದರೆ ಕೊಳ್ಳುವ ಮೊದಲು ಪಿನ್ನನ್ನು ನೋಡಬೇಕು. ಮೈಕೂ ಇರುವ ಒಂದೇ ಪಿನ್ನಿಗೆ ಮೂರು ಕರಿಯ ಗೆರೆಗಳೂ ನಾಲ್ಕು ಲೋಹದ ಭಾಗಗಳೂ ಇರುತ್ತವೆ. ಮೇಜಿನ ಕಂಪ್ಯೂಟರುಗಳಲ್ಲಿ ಹಸಿರು ತೂತು ಕಿವಿಗೆ, ಗುಲಾಬಿ ತೂತು ಮೈಕಿಗೆ ಎಂದು ಬೇರೆ ಬೇರೆಯಾಗಿರುವುದುಂಟು. ಆಗ ಒಂದನ್ನು ಎರಡಾಗಿ ಕವಲೊಡೆಸುವ ತಂತಿ ಬೇಕು.

ಎರಡನೆಯದು ಯು.ಎಸ್.ಬಿ. ತಂತಿಯದು. ಇದರಲ್ಲಿ ಧ್ವನಿಯನ್ನು ಅಂಕೆಯಾಗಿಸುವ ಕೆಲಸವು ಹೆಡ್‌ಸೆಟ್ಟಿನಲ್ಲಿಯೇ ನಡೆಯುತ್ತದೆ. ಕಂಪ್ಯೂಟರಿನ ಒಳಗಿನ ವಿದ್ಯುತ್ ಗೊಂದಲವು ಮಾತಿನಲ್ಲಿ ಬೆರೆಯುವುದು ಕಡಿಮೆ. ಅರ್ಥಿಂಗು ಸರಿಯಿಲ್ಲದ ಮನೆಗಳಲ್ಲಿ ಕೇಳಿಸುವ ‘ಗುಂಯ್’ ಎಂಬ ಸದ್ದಿನಿಂದ ಬೇಸತ್ತವರಿಗೆ ಇದು ಒಳ್ಳೆಯ ಆಯ್ಕೆ.

ಮೂರನೆಯದು ತಂತಿಯಿಲ್ಲದ ಬ್ಲೂಟೂತ್. ಇಲ್ಲಿ ಒಂದು ಸೂಕ್ಷ್ಮವಿದೆ. ಹಾಡು ಕೇಳುವಾಗ ಮಧುರವಾಗಿದ್ದ ಹೆಡ್‌ಸೆಟ್ಟು, ಮೈಕು ಚಾಲೂ ಆದ ಕೂಡಲೇ ಡಬ್ಬಿಯೊಳಗಿನ ಧ್ವನಿಯಂತಾಗುವುದುಂಟು. ಹಳೆಯ ಬ್ಲೂಟೂತ್ ಪದ್ಧತಿಯಲ್ಲಿ ಎರಡೂ ದಿಕ್ಕಿನ ಮಾತು ಇಕ್ಕಟ್ಟಾದ ಒಂದೇ ಹಾದಿಯಲ್ಲಿ ಹೋಗಬೇಕಾಗಿರುವುದೇ ಇದಕ್ಕೆ ಕಾರಣ. ಇದಲ್ಲದೆ ಸ್ವಲ್ಪ ವಿಳಂಬವೂ ಸೇರುತ್ತದೆ. ಸಂದರ್ಶನದ ನಡುವೆ ಬ್ಯಾಟರಿ ಮುಗಿಯುವ ಭಯವೂ ಉಂಟು. ಮುಖ್ಯವಾದ ಮಾತುಕತೆಗೆ ತಂತಿಯದೇ ನಂಬಿಕಸ್ಥ.

ಇನ್ನು ಗದ್ದಲದ ವಿಚಾರ. ಬೀದರ ನಗರದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ಹಾಕ್ ವಿಮಾನಗಳು ಹಾರುವ ಸದ್ದು ನಗರದವರಿಗೆ ಹೊಸದಲ್ಲ. ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಕೆಂದು ಕೊಳ್ಳುವವರು ಭಾವಿಸುತ್ತಾರೆ. ಆದರೆ ಆ ಮಾತಿಗೆ ಎರಡು ಅರ್ಥಗಳಿವೆ. ಕಿವಿಯ ಕಡೆಯದಾದರೆ, ಹೊರಗಿನ ಸದ್ದಿಗೆ ವಿರುದ್ಧವಾದ ಕಂಪನವನ್ನು ಹುಟ್ಟಿಸಿ ಧರಿಸಿದವರಿಗೆ ಮಾತ್ರ ನೆಮ್ಮದಿ ಕೊಡುತ್ತದೆ. ಅದೂ ಫ್ಯಾನಿನಂತಹ ಒಂದೇ ಸಮನಾದ ಸದ್ದಿನಲ್ಲಿ. ಎದುರಿನವರಿಗೆ ನಮ್ಮ ಗದ್ದಲ ಕೇಳಿಸದಿರಬೇಕಾದರೆ, ಆ ಗುಣವು ಮೈಕಿನಲ್ಲಿರಬೇಕು. ಬಾಯಿಯವರೆಗೆ ಚಾಚುವ ಕಡ್ಡಿಯ ತುದಿಯಲ್ಲಿ, ಒಂದೇ ದಿಕ್ಕಿನ ಧ್ವನಿಯನ್ನು ಹಿಡಿಯುವ ಮೈಕು ಇರುವುದು ಉತ್ತಮ. ಅದನ್ನು ಬಾಯಿಯ ಎದುರಿಗೆ ಇಡದೆ ತುಟಿಯ ಅಂಚಿಗೆ ಪಕ್ಕದಲ್ಲಿ ಇರಿಸಿದರೆ ‘ಪ’, ‘ಫ’ಗಳ ಉಸಿರು ಬಡಿಯುವುದಿಲ್ಲ.

ಕಿವಿಯ ಮೆತ್ತೆಯೂ ಮುಖ್ಯ. ಏಪ್ರಿಲ್, ಮೇ ತಿಂಗಳುಗಳ ಸೆಕೆಯಲ್ಲಿ ತೊಗಲಿನಂತಹ ಮೆತ್ತೆಯು ಬೆವರಿಸುತ್ತದೆ, ಬಟ್ಟೆಯದು ಹಿತ. ಎರಡೂ ಕಿವಿಗಳು ಮುಚ್ಚಿದಾಗ ತಮ್ಮ ದನಿ ತಮಗೆ ಸರಿಯಾಗಿ ಕೇಳಿಸದೆ ಜನರು ಕೂಗಿ ಮಾತನಾಡುತ್ತಾರೆ. ನಿಶ್ಶಬ್ದವಾದ ಮನೆಯಲ್ಲಿ ಒಂದು ಕಿವಿಯ ಹೆಡ್‌ಸೆಟ್ಟೂ ಸಾಕಾಗುವುದು ಇದರಿಂದಲೇ.

ಹೆಡ್‌ಸೆಟ್ಟಿನ ಕೈಮೀರಿದುದು

ಹೆಡ್‌ಸೆಟ್ಟು ಎಷ್ಟು ಬೆಲೆಯದಾದರೂ ದುರ್ಬಲವಾದ ಜಾಲವನ್ನು ಸರಿಪಡಿಸಲಾರದು. ಮಾತು ಸಾಮಾನ್ಯವಾಗಿ ಸೆಕೆಂಡಿಗೆ ೫೦ ತುಣುಕುಗಳಾಗಿ ಹೋಗುತ್ತದೆ. ಕೆಲವು ಕಳೆದುಹೋದರೆ ಪದಗಳು ಒಡೆಯುತ್ತವೆ. ಒಂದು ಕಡೆಯ ವಿಳಂಬವು ೧೫೦ ಮಿಲಿಸೆಕೆಂಡನ್ನು ಬಹಳವಾಗಿ ಮೀರಿದರೆ ಇಬ್ಬರೂ ಒಮ್ಮೆಲೇ ಮಾತನಾಡತೊಡಗುತ್ತಾರೆ. ಮಾತು ತುಂಡುತುಂಡಾದರೆ ದೋಷ ಜಾಲದ್ದು. ಮಸುಕಾಗಿ ಗದ್ದಲದಲ್ಲಿ ಕೂಡಿದ್ದರೆ ದೋಷ ಮೈಕಿನದು. ಈ ಭೇದವನ್ನು ತಿಳಿದವರು ವ್ಯರ್ಥವಾಗಿ ಹಣವನ್ನು ಚೆಲ್ಲುವುದಿಲ್ಲ. ಜಾಲವು ಕ್ಷೀಣವಾಗಿರುವ ಹಳ್ಳಿಯಲ್ಲಿ ಚಿತ್ರವನ್ನು ನಿಲ್ಲಿಸಿ ಮಾತನ್ನು ಮಾತ್ರ ಉಳಿಸಿಕೊಳ್ಳುವುದು ಜಾಣತನ.

ಕಿವಿಯ ಕಾಳಜಿ

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಸುಮಾರು ೧೫,೦೦೦ ಮಾತ್ರ. ಮನುಷ್ಯನಲ್ಲಿ ಅವು ಸತ್ತರೆ ಮರಳಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ೮೦ ಡೆಸಿಬೆಲ್ ಸದ್ದನ್ನು ವಾರಕ್ಕೆ ೪೦ ಗಂಟೆಗಳಿಗೆ ಮಿತಿಗೊಳಿಸಿದೆ. ಪ್ರತಿ ೩ ಡೆಸಿಬೆಲ್ ಏರಿದಂತೆ ಕಾಲವು ಅರ್ಧವಾಗುತ್ತದೆ: ೮೩ಕ್ಕೆ ೨೦ ಗಂಟೆ, ೯೨ಕ್ಕೆ ಬರಿಯ ಎರಡೂವರೆ ಗಂಟೆ. ಗದ್ದಲವನ್ನು ಮೀರಿಸಲು ಸದ್ದನ್ನು ಏರಿಸುವುದಕ್ಕಿಂತ, ಕಿವಿಯನ್ನು ಚೆನ್ನಾಗಿ ಆವರಿಸುವ ಮೆತ್ತೆಯನ್ನು ಆರಿಸುವುದು ಲೇಸು.

ಕೊಂಡ ಮೇಲೆ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಫ್ಯಾನನ್ನು ಹಾಕಿ, ‘ಸಕಲ, ಶಕಲ, ಸಾತ್, ಸಾಠ್’ ಎಂದು ನುಡಿದು ಮುದ್ರಿಸಿಕೊಂಡು ಕೇಳಿರಿ. ಭೇದವು ನಿಮಗೆ ತಿಳಿದರೆ ಅನ್ಯರಿಗೂ ತಿಳಿದೀತು. ಹೆಡ್‌ಸೆಟ್ಟಿನ ಅರ್ಧ ಕೊಂಡವರ ಕಿವಿಗಾಗಿ. ಉಳಿದರ್ಧ, ದೂರದಲ್ಲಿ ಕುಳಿತು ಕೇಳುವವರಿಗಾಗಿ. ಅಂಗಡಿಯಲ್ಲಿ ನಾವು ಮರೆಯುವುದು ಈ ಎರಡನೆಯ ಅರ್ಧವನ್ನೇ.