ಲಾಡಿ ಕೂರುವ ಜಾಗದ ಹುಣ್ಣು

ಸೊಲ್ಲಾಪುರ, ಅಕ್ಕಲಕೋಟೆಯ ಬಿಸಿಲಲ್ಲಿ ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರಿಗೆ ಸೊಂಟದಲ್ಲಿ ಲಂಗದ ಲಾಡಿ ಕೂರುವ ಜಾಗ ಕಪ್ಪಾಗುತ್ತದೆ, ಒರಟಾಗುತ್ತದೆ, ಬೆವರಿಗೆ ತುರಿಸುತ್ತದೆ. ಅದನ್ನು ಕಾಯಿಲೆ ಎಂದು ಎಣಿಸುವವರು ಕಡಿಮೆ. ಬಹುಪಾಲು ಅದು ಅಷ್ಟಕ್ಕೇ ನಿಲ್ಲುತ್ತದೆ. ಅಪರೂಪಕ್ಕೆ ಅಲ್ಲೇ ಹುಣ್ಣಾಗಿ, ಮಾಯದೆ, ಚರ್ಮದ ಕ್ಯಾನ್ಸರ್ ಆಗುತ್ತದೆ. ಧೋತರ ಉಡುವ ಗಂಡಸರಲ್ಲಿ ಇದನ್ನು ಮುಂಬೈನ ವಿ. ಆರ್. ಖಾನೋಲ್ಕರ್ 1945ರಲ್ಲೇ ದಾಖಲಿಸಿದ್ದರು. 2024ರ ನವೆಂಬರಿನಲ್ಲಿ ವರ್ಧಾ ಮತ್ತು ಮಧುಬನಿಯ ವೈದ್ಯರು ಇಬ್ಬರು ಹೆಂಗಸರ ವಿವರ ಪ್ರಕಟಿಸಿದರು. ಒಬ್ಬರ ಬಲಪಕ್ಕೆಯಲ್ಲಿ ಹದಿನೆಂಟು ತಿಂಗಳಿಂದ ಮಾಯದ ಹುಣ್ಣಿತ್ತು.

ಉಜ್ಜಿದ್ದಕ್ಕೆ ಕ್ಯಾನ್ಸರ್ ಬರುವುದು ಹೇಗೆ? ಚರ್ಮದ ತಳಪದರದ ಜೀವಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಮೇಲೇರಿದ ಕೋಶ ಒಡೆಯುವುದನ್ನು ಬಿಟ್ಟು ಗಟ್ಟಿಯಾಗಿ, ಕೊನೆಗೆ ಉದುರಬೇಕು. ಈ ನಿಲುಗಡೆಗೆ ಕಾರಣವಾದ ಸಂಗತಿಗಳಲ್ಲಿ ಮೈಕ್ರೋಆರ್‌ಎನ್‌ಎ ಒಂದು. ಅದು ಆರ್‌ಎನ್‌ಎಯ ಪುಟ್ಟ ತುಣುಕು; ಅದರಲ್ಲಿ ಇರುವುದು ಸುಮಾರು 22 ರಾಸಾಯನಿಕ ಅಕ್ಷರ. ಅದರಿಂದ ಪ್ರೋಟೀನು ತಯಾರಾಗುವುದಿಲ್ಲ; ಪ್ರೋಟೀನಿನ ಆದೇಶ ಹೊತ್ತು ಬರುವ ದೊಡ್ಡ ಆರ್‌ಎನ್‌ಎಗೆ ಅಂಟಿಕೊಂಡು ಆ ಆದೇಶವನ್ನೇ ಅಡಗಿಸುತ್ತದೆ. 1993ರಲ್ಲಿ ಒಂದು ಪುಟ್ಟ ಹುಳದಲ್ಲಿ ಇದನ್ನು ಕಂಡುಹಿಡಿದದ್ದಕ್ಕೆ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಸಂದಿತು.

ಚರ್ಮದಲ್ಲಿ ಮುಖ್ಯವಾದದ್ದು ಮಿಆರ್-203. ಕೋಶ ತಳಪದರ ಬಿಟ್ಟು ಮೇಲೇರುತ್ತಿದ್ದಂತೆ ಇದು ಹೆಚ್ಚಾಗಿ, ಒಡೆಯುವ ಶಕ್ತಿಯನ್ನು ಉಳಿಸಿಡುವ ಪಿ63 ಎಂಬ ಪ್ರೋಟೀನನ್ನು ತಗ್ಗಿಸುತ್ತದೆ ಎಂದು 2008ರಲ್ಲಿ ಇಲಿಗಳ ಚರ್ಮದಲ್ಲಿ ತೋರಿಸಲಾಯಿತು. ಇಂಥ ಹುಣ್ಣಿನಿಂದ ಬರುವ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರಿನಲ್ಲಿ ಮಿಆರ್-203 ಕುಸಿಯುತ್ತದೆ, ಮಿಆರ್-21 ಏರುತ್ತದೆ. ಈ ಎರಡನೆಯದು ಅಡಗಿಸುವುದು ಪಿಟೆನ್‌ನಂಥ ಕಾವಲು ಪ್ರೋಟೀನುಗಳನ್ನು. ಹಾಗಾಗಿ ನಿಲ್ಲಬೇಕಾದ ಕೋಶ ನಿಲ್ಲುವುದಿಲ್ಲ, ಸಾಯಬೇಕಾದದ್ದು ಸಾಯುವುದಿಲ್ಲ. ವರ್ಷಗಟ್ಟಲೆ ಕೆರೆದು ಮಾಯುವ, ಮತ್ತೆ ಕೆರೆಯುವ ಗಾಯದಲ್ಲಿ ಕೋಶಗಳು ಒಡೆಯುವ ಸಲ ಹೆಚ್ಚಿದಷ್ಟೂ ಇಂಥ ತಪ್ಪುಗಳಿಗೆ ಎಡೆ ಹೆಚ್ಚು.

ಕುಸಿದ ಮೈಕ್ರೋಆರ್‌ಎನ್‌ಎಯನ್ನು ಮದ್ದಾಗಿ ಮರಳಿ ಕೊಡುವುದು ಇನ್ನೂ ಸುಲಭವಾಗಿಲ್ಲ. ಇಂಥದ್ದೇ ಇನ್ನೊಂದು ಮೈಕ್ರೋಆರ್‌ಎನ್‌ಎಯಾದ ಮಿಆರ್-34ನ್ನು ರಕ್ತಕ್ಕೆ ಕೊಟ್ಟು ನೋಡಿದ ಪ್ರಯೋಗವನ್ನು ರೋಗಿಗಳ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿದ್ದರಿಂದ 2016ರಲ್ಲಿ ನಿಲ್ಲಿಸಬೇಕಾಯಿತು.

ಇಂದಿಗೆ ಕೈಗೆಟಕುವುದು ಬಯಾಪ್ಸಿ. ಲಾಡಿಯ ಬದಲು ಅಗಲ ಪಟ್ಟಿ ಹಾಕಿಸಿ, ಸಡಿಲ ಕಟ್ಟಿ, ಕಟ್ಟುವ ಜಾಗ ಆಗಾಗ ಬದಲಿಸಿದರೂ ಹುಣ್ಣು ತಿಂಗಳೊಳಗೆ ಮಾಯದಿದ್ದರೆ, ಅಥವಾ ಅಂಚು ಉಬ್ಬಿದ್ದರೆ, ಚೂರು ಚರ್ಮ ತೆಗೆಸಿ ಪರೀಕ್ಷಿಸಲೇಬೇಕು. ಕ್ಯಾನ್ಸರಿನ ದಾಖಲೆ ಇಡುವ ಏರ್ಪಾಡೂ ಈ ಕಡೆ ಹಳೆಯದು: ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಇದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅಲ್ಲದೆ, ಮೇಣದಲ್ಲಿ ಕಾದಿಟ್ಟ ಬಯಾಪ್ಸಿ ಚೂರಿನಲ್ಲಿ ಮೈಕ್ರೋಆರ್‌ಎನ್‌ಎ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಾಗಾಗಿ ಸೊಂಟದ ಕ್ಯಾನ್ಸರಿನಲ್ಲಿ ಮಿಆರ್-203 ಯಾವ ಹಂತದಲ್ಲಿ ಕುಸಿಯುತ್ತದೆ ಎಂಬುದನ್ನು ಅಳೆಯುವ ಕೆಲಸ, ಸೀರೆ ಧೋತರ ಉಡುವ ನಮ್ಮ ಕಡೆಯೇ ನಡೆಯಬೇಕು.