ಹರಿದು ಬಂದ ಸಂಖ್ಯೆಗಳಿಗೆ ಹೊಲಿಗೆ

ಸಂಖ್ಯೆಗಳು ಒಂದೊಂದಾಗಿ ಬರುತ್ತಿವೆ: 4, 9, 5, 12, 11. ಮುಂದೆ ಯಾವುದು ಬರುತ್ತದೋ ಗೊತ್ತಿಲ್ಲ. ಯಾವ ಕ್ಷಣದಲ್ಲಿ ಕೇಳಿದರೂ ಈವರೆಗೆ ಬಂದದ್ದನ್ನು ನಡುವೆ ಬಿರುಕಿಲ್ಲದ ತುಂಡುಗಳಾಗಿ ಹೇಳಬೇಕು: 4ರಿಂದ 5, ಒಂಟಿ 9, 11ರಿಂದ 12. ಸಾಫ್ಟ್‌ವೇರ್ ಸಂದರ್ಶನಗಳಲ್ಲಿ ‘ಇಂಟರ್ವಲ್ ಜೋಡಿಸಿ’ ಎಂಬ ಈ ಪ್ರಶ್ನೆ ಹಳೆಯ ಗಿರಾಕಿ.

ಕೇಳಿದಾಗಲೆಲ್ಲ ಎಲ್ಲ ಸಂಖ್ಯೆಗಳನ್ನೂ ಹೊಸದಾಗಿ ಏರಿಕೆ ಕ್ರಮಕ್ಕೆ ತಂದರೂ ಉತ್ತರ ಸಿಗುತ್ತದೆ. ಆದರೆ ಅದು ಮಾಡಿದ್ದನ್ನೇ ಮತ್ತೆ ಮಾಡುವ ದಂಡದ ದುಡಿಮೆ. ಸಂಖ್ಯೆಗಳನ್ನು ನೆನಪಿಡುವುದೇ ಬೇಡ. ಪ್ರತಿ ತುಂಡಿನ ಎರಡು ತುದಿ ಸಾಕು.

ಈಗ 10 ಬಂತೆನ್ನಿ. ಅದರ ಎಡಕ್ಕೆ ಯಾವ ತುಂಡಿದೆ, ಬಲಕ್ಕೆ ಯಾವುದಿದೆ ಎಂದಷ್ಟೇ ನೋಡಬೇಕು. ಎಡದ್ದು 9ಕ್ಕೆ ಮುಗಿಯುತ್ತದೆ, ಬಲದ್ದು 11ಕ್ಕೆ ಶುರು. ಎರಡಕ್ಕೂ ತಾಗಿದ್ದರಿಂದ ಮೂರೂ ಸೇರಿ 9ರಿಂದ 12 ಆಯಿತು. ಒಂದಕ್ಕೇ ತಾಗಿದ್ದರೆ ಅದರ ತುದಿ ಸರಿಯುತ್ತದೆ. ಯಾವುದಕ್ಕೂ ತಾಗದ 7 ಬಂದರೆ ಒಂಟಿಯಾಗಿ ನಿಲ್ಲುತ್ತದೆ. ದೂರದ ತುಂಡುಗಳ ಗೊಡವೆಯೇ ಇಲ್ಲ.

ಆ ಇಬ್ಬರು ನೆರೆಯವರನ್ನು ಹುಡುಕುವುದು ಹೇಗೆ? ತುಂಡುಗಳು ಕ್ರಮದಲ್ಲಿದ್ದರೆ ಪ್ರತಿ ಸಲ ಅರ್ಧ ಭಾಗ ಕೈಬಿಡುತ್ತ ಹೋಗಬಹುದು. ಹತ್ತು ಲಕ್ಷ ತುಂಡುಗಳಿದ್ದರೂ ಸುಮಾರು 20 ಹೋಲಿಕೆ ಸಾಕು. ಆದರೆ ಸಾದಾ ಪಟ್ಟಿಯ ನಡುವೆ ಹೊಸ ತುಂಡು ತುರುಕಲು ಮುಂದಿನದೆಲ್ಲ ಸರಿಯಬೇಕು. ಆ ಕಾಟ ತಪ್ಪಿಸಲು ಸಮತೋಲ ಕಾಯ್ದುಕೊಳ್ಳುವ ವೃಕ್ಷರಚನೆ ಬಳಸುತ್ತಾರೆ. ಜಾವಾದ ಟ್ರೀಮ್ಯಾಪ್ ಅಂಥದ್ದು.

ಇದು ಬರೀ ಸಂದರ್ಶನದ ಕಸರತ್ತು ಎಂದು ಮೂಗು ಮುರಿಯಬೇಡಿ. ಅಂತರಜಾಲದ ಟಿಸಿಪಿ ನಿಯಮದಲ್ಲಿ ಸಾಗುವ ಪ್ರತಿ ಬೈಟ್‌ಗೂ ಕ್ರಮಸಂಖ್ಯೆ ಇರುತ್ತದೆ. ದಾರಿಯಲ್ಲಿ ಕೆಲವು ಪ್ಯಾಕೆಟ್‌ಗಳು ಕಳೆದುಹೋಗುತ್ತವೆ, ಕೆಲವು ಹಿಂದುಮುಂದಾಗುತ್ತವೆ. ಮೊದಲಿಗೆ, ಪಡೆಯುವ ಕಂಪ್ಯೂಟರ್ ‘ಇಲ್ಲಿಯವರೆಗೆ ಪೂರ್ತಿ ಬಂದಿದೆ’ ಎಂದಷ್ಟೇ ಹೇಳಬಹುದಿತ್ತು. ನಡುವೆ ಒಂದು ತಪ್ಪಿದರೆ, ಆಮೇಲೆ ಬಂದವುಗಳ ಸುದ್ದಿ ಕಳಿಸಿದವರಿಗೆ ತಿಳಿಯುತ್ತಿರಲಿಲ್ಲ. 1996ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 2018 ಎಂಬ ದಾಖಲೆ ಇದನ್ನು ಸರಿಪಡಿಸಿತು. ಬಂದ ತುಂಡುಗಳ ತುದಿಗಳನ್ನೇ ಬರೆದು ಕಳಿಸುವ ಏರ್ಪಾಡು ಅದು. ಒಂದು ತುಂಡಿಗೆ 8 ಬೈಟ್; ಜಾಗ ಇಕ್ಕಟ್ಟಾದ್ದರಿಂದ ಒಂದು ಸಲಕ್ಕೆ ಹೆಚ್ಚೆಂದರೆ ನಾಲ್ಕು ತುಂಡು.

ಅಲ್ಲೊಂದು ಜಾಣತನವಿದೆ. ಬಲತುದಿಯಾಗಿ ಕೊನೆಯ ಬೈಟ್‌ನ ಸಂಖ್ಯೆಯನ್ನಲ್ಲ, ಅದರ ಮುಂದಿನದನ್ನು ಬರೆಯುತ್ತಾರೆ. ಆಗ ಒಂದರ ಬಲತುದಿ ಇನ್ನೊಂದರ ಎಡತುದಿಗೆ ಸಮವಾದರೆ ಅವೆರಡೂ ತಾಗಿವೆ ಎಂದರ್ಥ. ಒಂದು ಕೂಡಿಸುವ, ಒಂದು ಕಳೆಯುವ ಗೊಂದಲ ಇಲ್ಲ. ನನಗಂತೂ ಈ ರೂಢಿಯೇ ಮೆಚ್ಚು.

ನೀವೇ ಪ್ರೋಗ್ರಾಂ ಬರೆಯುವುದಾದರೆ ಒಮ್ಮೆ ಬಂದ ಸಂಖ್ಯೆಯನ್ನೇ ಮತ್ತೊಮ್ಮೆ ಕೊಟ್ಟು ನೋಡಿ. ಟಿಸಿಪಿಯಲ್ಲಿ ಒಂದೇ ಬೈಟ್ ಎರಡು ಸಲ ಬರುವುದು ಮಾಮೂಲು.