ಹೆಳವರ ಹೊತ್ತಿಗೆಯೂ ನಮ್ಮ ಮನೆತನಗಳ ಚರಿತ್ರೆಯೂ

ಮನೆಯ ಯಜಮಾನರು ಲಿಂಗೈಕ್ಯರಾದ ಮೇಲೆ ಜಮೀನಿನ ಪೌತಿ ಖಾತೆ ಮಾಡಿಸಲು ಹೊರಟವರನ್ನು ಕಂದಾಯ ಕಚೇರಿಯವರು ಮೊದಲು ಕೇಳುವ ಕಾಗದಗಳಲ್ಲಿ ವಂಶವೃಕ್ಷವೂ ಒಂದು. ತಂದೆ, ತಾತ ಎಂಬವರೆಗೆ ಹೆಸರುಗಳು ಸರಾಗವಾಗಿ ಬರುತ್ತವೆ. ಮುತ್ತಾತನ ಹೆಸರಿಗೆ ಮನೆಯ ಹಿರಿಯರ ನೆನಪನ್ನು ಕೆದಕಬೇಕಾಗುತ್ತದೆ. ಅದರಾಚೆಗೆ ಯಾರಲ್ಲಿಯೂ ಉತ್ತರವಿಲ್ಲ. ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯ ಹೊಳಲೂರಿನ ಕಡೆಯಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ ಬಲವಾಗಿದೆ. ಒಂದೇ ಕೇರಿಯಲ್ಲಿ ನಾಲ್ವರು ಹಾಲಪ್ಪನವರು, ಐವರು ಬಸಪ್ಪನವರು ಇದ್ದರೆ ಹಳೆಯ ಪತ್ರದಲ್ಲಿರುವ ಬಸಪ್ಪನವರು ಯಾವ ಮನೆಯವರೆಂದು ನಿರ್ಣಯಿಸುವುದು ಸುಲಭವಲ್ಲ.

ಈ ಪ್ರಶ್ನೆಗೆ ಉತ್ತರ ಹೇಳುವುದನ್ನೇ ಕಾಯಕವಾಗಿ ಮಾಡಿಕೊಂಡು ಬಂದ ಸಮುದಾಯವೊಂದು ನಮ್ಮ ನಾಡಿನಲ್ಲಿದೆ. ಅವರೇ ಹೆಳವರು. ಹೆಳವ ಎಂದರೆ ಕಾಲಿಲ್ಲದವನು, ಕುಂಟ ಎಂದರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಗಂಟೆಯ ನಾದದೊಡನೆ ಅವರು ಊರನ್ನು ಪ್ರವೇಶಿಸುತ್ತಿದ್ದರು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು ಬಳ್ಳಾರಿ ಮತ್ತು ಮೈಸೂರು ಸೀಮೆಯ ಹೆಳವರನ್ನು ಹೀಗೆಯೇ ವರ್ಣಿಸಿದ್ದಾನೆ. ಅವನು ಅವರನ್ನು ಭಿಕ್ಷುಕರೆಂದು ಕರೆದಿರುವುದು ಮಾತ್ರ ಸರಿಯಲ್ಲ. ಹೆಳವರು ಪಡೆಯುವುದು ಭಿಕ್ಷೆಯನ್ನಲ್ಲ, ಮಾಡಿದ ಕೆಲಸಕ್ಕೆ ಸಲ್ಲುವ ಗೌರವವನ್ನು.

ಆ ಕೆಲಸದ ಕ್ರಮವೂ ಶಿಸ್ತಿನದು. ಒಂದೊಂದು ಹೆಳವ ಮನೆತನಕ್ಕೂ ಇಂತಿಂಥ ಊರು, ಇಂತಿಂಥ ಮನೆ ಎಂಬ ವಂಶಪಾರಂಪರ್ಯದ ಹಂಚಿಕೆಯುಂಟು. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ ಅವರು ಬರುತ್ತಾರೆ. ಮನೆಯ ಮೂಲಸ್ಥಳ, ಬೆಡಗು, ಮನೆದೇವರು, ಮೂಲಪುರುಷನಿಂದ ಇಂದಿನವರೆಗಿನ ಪೀಳಿಗೆಗಳು, ಯಾವ ಕವಲು ಯಾವ ಊರಿಗೆ ವಲಸೆ ಹೋಯಿತು ಎಂಬುದೆಲ್ಲವನ್ನೂ ರಾಗವಾಗಿ ಹೇಳುತ್ತಾರೆ. ಕಳೆದ ಭೇಟಿಯ ತರುವಾಯ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುತ್ತಾರೆ. ಹಿಂದೆ ತಾಮ್ರಪಟ, ತಾಳೆಗರಿಗಳಲ್ಲಿದ್ದುದು ಕಾಲಕ್ರಮದಲ್ಲಿ ಕಾಗದದ ಹೊತ್ತಿಗೆಗೆ ಇಳಿದಿದೆ. ಮನೆಯವರು ದವಸ, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲವಂತರು ಕರುವನ್ನೋ ಎತ್ತನ್ನೋ ಕೊಟ್ಟದ್ದೂ ಉಂಟು. ಎತ್ತಿನ ಬದಲು ಈಗ ಹಲವರು ವಾಹನದಲ್ಲಿ ಬರುತ್ತಾರೆ. ಕಾಯಕ ಅದೇ.

ವಂಶದ ವಿಚಾರವೆತ್ತಿದೊಡನೆ ನಮ್ಮವರಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಷ್ಟಲಿಂಗ ಧರಿಸಿದವನಿಗೆ ಪೂರ್ವಾಶ್ರಯವಿಲ್ಲ. ಅವನ ಹಿಂದಿನ ಕುಲವನ್ನು ಕೇಳುವುದೇ ದೋಷ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದುದಕ್ಕೆ ಶರಣರು ತೆತ್ತ ಬೆಲೆಯನ್ನು ಬಲ್ಲವರು ಹೆಳವರ ಹೊತ್ತಿಗೆಗೆ ಏಕೆ ಕಾತರಿಸಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಲದ ಮದವೇ ಬೇರೆ, ಹಿರಿಯರ ಸ್ಮರಣೆಯೇ ಬೇರೆ. ಹೊತ್ತಿಗೆಯನ್ನು ಪೂರ್ತಿಯಾಗಿ ಓದಿಸಿ ಕೇಳಿದರೆ, ಲಿಂಗದೀಕ್ಷೆಗೆ ಮೊದಲು ತಮ್ಮ ಮೂಲಪುರುಷನು ಬೇರೊಂದು ಕಾಯಕದವನಾಗಿದ್ದನೆಂಬ ಸಂಗತಿ ಹೊರಬರಬಹುದು. ಅಂಥಲ್ಲಿ ಮುಖ ಸಣ್ಣದು ಮಾಡಿಕೊಂಡು, ಆ ಹೆಸರನ್ನು ಬಿಟ್ಟು ಓದಿರೆಂದು ಹೇಳುವುದು ತರವಲ್ಲ. ದೀಕ್ಷೆ ಪಡೆದ ಆ ಹಿರಿಯನೇ ಮನೆತನದಲ್ಲಿ ಎಲ್ಲರಿಗಿಂತ ಸ್ಮರಣೀಯನೆಂಬುದು ನನ್ನ ಭಾವನೆ.

ಹೊರನಾಡಿನ ನಿದರ್ಶನವೊಂದನ್ನು ಇಲ್ಲಿ ನೋಡಬಹುದು. ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ದೇಶದಲ್ಲಿ ಹಿಂದೆ ಸ್ಥಿರವಾದ ಮನೆತನದ ಹೆಸರುಗಳಿರಲಿಲ್ಲ. ನಮ್ಮಲ್ಲಿಯಂತೆ ತಂದೆಯ ಹೆಸರೇ ಗುರುತು. ಮುಂದೆ ಹೆಸರುಗಳು ಸ್ಥಿರವಾದಾಗ ಊರ ತುಂಬ ಜೋನ್ಸ್, ಡೇವಿಸ್, ಇವಾನ್ಸ್ ಎಂಬವರೇ ಆದರು. ಅಲ್ಲಿಯೂ ಮನೆಯಿಂದ ಮನೆಗೆ ಹೋಗಿ ಸಿರಿವಂತರ ವಂಶಾವಳಿಯನ್ನು ಹಾಡುವ, ಬರೆಯುವ ಕವಿಗಳಿದ್ದರು. ಅವರಲ್ಲೊಬ್ಬನಾದ ಲೂಯಿಸ್ ಡನ್ ಎಂಬವನು 1586ರಿಂದ ಮನೆತನಗಳ ವಂಶಾವಳಿಗಳನ್ನು ಅಧಿಕೃತವಾಗಿ ಸಂಗ್ರಹಿಸಿದನು. ಅಂಥ ಕವಿಗಳ ಪರಂಪರೆ ನಿಂತುಹೋಯಿತು. ಆದರೆ ಅವನ ಬರಹ ಉಳಿದು 1846ರಲ್ಲಿ ಅಚ್ಚಾಯಿತು. ಇಂದು ಶುಲ್ಕ ಪಡೆದು ಅಲ್ಲಿನ ಮನೆತನಗಳ, ಮನೆಗಳ ಚರಿತ್ರೆಯನ್ನು ಶೋಧಿಸಿಕೊಡುವ ವೃತ್ತಿನಿರತರಿದ್ದಾರೆ. ಚರ್ಚಿನ ದಾಖಲೆಗಳ ಜೊತೆಗೆ ಇಂಥ ಗ್ರಂಥಗಳೂ ಅವರಿಗೆ ಆಧಾರ. ಹೆಳವರ ಹೊತ್ತಿಗೆ ಅಚ್ಚಾಗದೆ, ಪ್ರತಿಯೂ ಆಗದೆ ಹೋದರೆ ನಮ್ಮ ಮೊಮ್ಮಕ್ಕಳ ಕಾಲದ ಶೋಧಕರಿಗೆ ಯಾವ ಆಧಾರವಿದ್ದೀತು? ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಹಿಡಿಯಲೂಬೇಕು, ನಮ್ಮ ವಂಶಾವಳಿಗಾಗಿ ಅವರು ಅಲೆದಾಡುತ್ತಲೇ ಇರಲೆಂದು ಬಯಸುವುದು ಸ್ವಾರ್ಥ.

ಸರ್ಕಾರಿ ಕಾಗದಗಳು ಸಾಲವೇ ಎಂದರೆ, ಅವು ಮನೆ ಹಾಗೂ ಭೂಮಿಯ ವಿಷಯದಲ್ಲಿ ಉಪಯುಕ್ತ. ಉಪನೋಂದಣಾಧಿಕಾರಿಗಳ ಕಚೇರಿಯ ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಮನೆಯ ಚೆಕ್ಕುಬಂದಿಯ ಜೊತೆಗೆ ನೆರೆಮನೆಯವರ ಹೆಸರೂ ಸಿಗುತ್ತದೆ. ಪಹಣಿ, ಮ್ಯುಟೇಷನ್, ಭೂಮಾಪನ ಕಚೇರಿಯ ಟಿಪ್ಪಣಿಗಳಿಂದ ಹೊಲ ಕೈ ಬದಲಾಯಿಸಿದ ಕ್ರಮ ತಿಳಿಯುತ್ತದೆ. 1963ರಲ್ಲಿ ಶಾನುಭೋಗಿಕೆ, ಪಟೇಲಿಕೆಗಳು ರದ್ದಾದಾಗ ಕೆಲವು ಕಾಗದಗಳು ಅವರವರ ಮನೆಯ ಅಟ್ಟದಲ್ಲಿಯೇ ಉಳಿದವು. ಹಳೆಯ ಕಡತಗಳ ಮೋಡಿ ಅಕ್ಷರವನ್ನು ಓದಬಲ್ಲವರು ವಿರಳ. ನಮ್ಮ ಜಿಲ್ಲೆಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕಡತಗಳಿವೆ. ಇನ್ನೂ ಹಿಂದಕ್ಕೆ ಹೋಗಬಯಸುವವರಿಗೆ ರೈಸ್ ಸಾಹೇಬರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ ಶಾಸನಗಳು ದೊರೆಯುತ್ತವೆ. ಆದರೆ ಭೂಮಿಯಿಲ್ಲದ ಮನೆತನದ ಹೆಸರು ಭೂದಾಖಲೆಯಲ್ಲಿ ಬರುವುದಿಲ್ಲ. ಹೆಳವರ ಹೊತ್ತಿಗೆಯಲ್ಲಿ ಬರುತ್ತದೆ.

ಹೊತ್ತಿಗೆಗೂ ಕೊರತೆಗಳಿವೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಸುತ್ತಲಿನ ಹಳ್ಳಿಗಳ ಜನ ಅಲ್ಲಿಗೆ ಹೋಗಿ ನೆಲೆಸಿದರು. ಹೆಳವರು ಹೋಗುವುದು ಮೂಲ ಊರಿಗೆ. ಅಲ್ಲುಳಿದ ದಾಯಾದಿಗಳು ಹೇಳಿದರೆ ಭದ್ರಾವತಿಯವರ ಮಕ್ಕಳ ಹೆಸರು ಸೇರೀತು. ಹೇಳದಿದ್ದರೆ ಆ ಕವಲು ಅಲ್ಲಿಗೇ ನಿಂತಿತು.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಹೆಣ್ಣುಮಕ್ಕಳದು. ಹೊತ್ತಿಗೆ ಹಿಡಿಯುವುದು ಸಾಮಾನ್ಯವಾಗಿ ಗಂಡುಸಂತಾನದ ಜಾಡನ್ನು. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಕುಳ್ಳಿರಿಸಿದ ಧರ್ಮದವರ ಮನೆಗಳ ಚರಿತ್ರೆಯಲ್ಲಿ ಹೆಣ್ಣಿನ ಹೆಸರೇ ಇಲ್ಲವೆಂದರೆ ಹೇಗೆ? ಕಾನೂನಿನ ದೃಷ್ಟಿಯಿಂದಲೂ ಇದು ಈಗ ನಡೆಯುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದು, ಅದುವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷವನ್ನು ಹಿಡಿದು ಖಾತೆ ಮಾಡಿಸಿದ ಅಣ್ಣತಮ್ಮಂದಿರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವಂತಾಗುತ್ತದೆ. ಅಕ್ಕತಂಗಿಯರು ತವರಿಗೆ ಬರುವುದೂ ನಿಂತುಹೋಗುತ್ತದೆ.

ಆದುದರಿಂದ ಮುಂದಿನ ಸುಗ್ಗಿಯಲ್ಲಿ ಹೆಳವರು ಬಾಗಿಲಿಗೆ ಬಂದಾಗ, ಹೊತ್ತಾಯಿತೆಂದು ಹತ್ತು ರೂಪಾಯಿ ಕೊಟ್ಟು ಸಾಗಹಾಕಬಾರದು. ಕೈಕಾಲಿಗೆ ನೀರು ಕೊಟ್ಟು, ಪ್ರಸಾದ ಮಾಡಿಸಿ, ಅರ್ಧ ದಿನವಾದರೂ ಕೂರಿಸಿಕೊಳ್ಳಬೇಕು. ಭದ್ರಾವತಿ, ಶಿವಮೊಗ್ಗ, ಬೆಂಗಳೂರುಗಳಲ್ಲಿರುವ ದಾಯಾದಿಗಳಿಗೆ ಮೊದಲೇ ತಿಳಿಸಿದರೆ ಅವರ ಮಕ್ಕಳ ಹೆಸರೂ ಸೇರುತ್ತದೆ. ಹೆಳವರ ಒಪ್ಪಿಗೆ ಕೇಳಿ ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಂಡು, ಹೊತ್ತಿಗೆಯ ಪುಟಗಳ ಛಾಯಾಚಿತ್ರ ತೆಗೆದುಕೊಂಡು, ಅದಕ್ಕೆಂದೇ ಬೇರೆ ಸಂಭಾವನೆ ಕೊಡಬೇಕು. ಹೊತ್ತಿಗೆ ಅವರ ಆಸ್ತಿ. ಒಪ್ಪದಿದ್ದರೆ ಒತ್ತಾಯ ಸಲ್ಲದು. ಒಂದು ಪ್ರತಿ ಮನೆಯಲ್ಲಿಯೂ ಇನ್ನೊಂದು ತಮ್ಮ ಮಠದಲ್ಲಿಯೂ ಇದ್ದರೆ ಕ್ಷೇಮ. ಹೆಣ್ಣುಮಕ್ಕಳ ಹೆಸರನ್ನೂ, ಅವರು ಸೇರಿದ ಊರನ್ನೂ ಬರೆಯಿರೆಂದು ಕೇಳಿದಾಗ ಅದು ತಮ್ಮ ರೂಢಿಯಲ್ಲವೆಂದು ಹೆಳವರು ಹೇಳಿದರೆ, ಮನೆಯ ಪ್ರತಿಯಲ್ಲಿ ಮನೆಯವರೇ ಬರೆದುಕೊಳ್ಳಲಿ. ಹೆಸರು ಹೇಳಲು ಅಜ್ಜಿಯನ್ನು ಒಳಮನೆಯಿಂದ ಜಗುಲಿಗೆ ಕರೆಯಿರಿ. ಕೊಟ್ಟ ಮನೆ, ತಂದ ಮನೆಗಳ ಲೆಕ್ಕ ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.